ಗುಪ್ತದಾನ ಹುಡುಕಿ ಹೋದ ಬೇಸಿಗೆ

ಕಾದ ಸಿಮೆಂಟಿಗೆ ನೀರು ಹೊಡೆದಾಗ ಒಂದು ವಾಸನೆ ಏಳುತ್ತದೆ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರನಾಗಿ ಡೀಸೆಲ್ ವಾಸನೆಯಲ್ಲೇ ಬದುಕಿದ ನನಗೆ ಈ ವಾಸನೆಯ ಪರಿಚಯವಾದದ್ದು ನಿವೃತ್ತಿಯ ನಂತರ. ಹೋದ ವಾರ ವಿಜಯಪುರದ ನಮ್ಮ ರೊಟ್ಟಿ ಮನೆಯ ಹಿಂದೆ ಹೊಸದಾಗಿ ಕಟ್ಟಿದ ಬಚ್ಚಲಿನ ಗೋಡೆಗೆ ನೀರು ಹೊಡೆಯುತ್ತಿದ್ದರು. ಮಧ್ಯಾಹ್ನದ ಬಿಸಿಲು. ಬಿಲ್ಲಿಗೆ ಸಹಿ ಮಾಡಲು ಹೋದವನು ಅದನ್ನು ಮರೆತು ನೆರಳಿಗೆ ಕೂತುಬಿಟ್ಟೆ. ರೊಟ್ಟಿ ಮನೆ ಕಟ್ಟಿದ ಆ ಬೇಸಿಗೆ ಪೂರ್ತಿ ಕಣ್ಣ ಮುಂದೆ ಬಂತು.

ರೊಟ್ಟಿ ಮನೆಗೆ ಕಾಗದದ ಮೇಲೆ ಬೇರೊಂದು ಉದ್ದನೆಯ ಹೆಸರಿದೆ, ಅದನ್ನು ಯಾರೂ ಬಳಸುವುದಿಲ್ಲ. ದವಾಖಾನೆಯಲ್ಲಿ ಮಲಗಿದವರ ಜೊತೆ ಹಳ್ಳಿಗಳಿಂದ ಬಂದ ಮಂದಿ ಉಳಿಯಲು ಎರಡು ದೊಡ್ಡ ಕೋಣೆ, ತಾವೇ ರೊಟ್ಟಿ ಬಡಿದುಕೊಳ್ಳಲು ಒಂದು ಉದ್ದನೆಯ ಅಡಿಗೆಮನೆ, ಇಷ್ಟೇ ಅದು. ಜಾಗ ಕೊಟ್ಟವರು ತಿಕೋಟಾದ ಗಂಗಾಬಾಯಿ ಅಕ್ಕಾರು. ಜೀವನ ಪೂರ್ತಿ ನರ್ಸಾಗಿ ದುಡಿದವರು. ರೋಗಿಗೆ ಮಂಚ ಸಿಗುತ್ತದೆ, ಜೊತೆಗೆ ಬಂದವರಿಗೆ ಮೆಟ್ಟಿಲೇ ಗತಿ, ಇದನ್ನು ನೋಡಿ ನೋಡಿ ಸಾಕಾಗಿದೆ ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದ್ದು ಮಾತ್ರ ಇಂಜೆಕ್ಷನ್ನಿನ ಹಾಗೆ ಒಳಗೇ ಹೋಗಬೇಕು. ನಾನು ನಿವೃತ್ತನಾದ ತಿಂಗಳಿಗೇ ಮನೆಗೆ ಬಂದು, ಇದನ್ನು ಕಟ್ಟಲೆಂದು ಮಾಡಿದ ಸಂಘದ ಕಾರ್ಯದರ್ಶಿ ಆಗಬೇಕು ಅಂದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಕಾಗದಪತ್ರದ ಗಂಧ ಇಲ್ಲ ಅಂದೆ. "ಟಿಕೆಟ್ ಹರದಾವ್ರಿಗೆ ಪಾವತಿ ಹರಿಯಾಕ ಏನ್ ಕಲಿಸೂದೈತ್ರಿ" ಎಂದು ದಾನದ ಪಾವತಿ ಪುಸ್ತಕವನ್ನು, ಅಂದರೆ ರಸೀದಿ ಪುಸ್ತಕವನ್ನು, ಕೈಗೆ ಕೊಟ್ಟು ಹೋದರು. ಮುಂದೆ ಆ ಮಾತೇ ನಮಗೆ ಮುಳುವಾಯಿತು.

ನಾನು ಪಾವತಿ ಹರಿದದ್ದೆಲ್ಲ ಬಸ್ ಸ್ಟ್ಯಾಂಡುಗಳಲ್ಲಿ. ಸಂತೆಯ ದಿನ ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದೆ, ಉಳಿದ ದಿನ ತಿಕೋಟಾ, ಅರಕೇರಿ, ಜೈನಾಪುರ ಎಂದು ನನ್ನ ಹಳೆಯ ರೂಟುಗಳಲ್ಲೇ ತಿರುಗುತ್ತಿದ್ದೆ. ಮಂದಿಯೆಲ್ಲ ಗುರುತಿನವರು. ರಿಟೈರ್ ಆದರೂ ರೊಕ್ಕ ಕೇಳುವುದು ಬಿಡಲಿಲ್ಲವಲ್ಲ ಎಂದು ಚಾಷ್ಟಿ ಮಾಡುತ್ತಲೇ ಕೊಡುತ್ತಿದ್ದರು. ನಮ್ಮ ಕಡೆ ಇಂಥ ಕೆಲಸಕ್ಕೆ ಕೊಡುವವರಲ್ಲಿ ಬಹಳ ಮಂದಿ ಗುಪ್ತದಾನ ಎನ್ನುತ್ತಾರೆ. ಮನೆಯಲ್ಲಿ ಯಾರೋ ಸಾವಿನ ಬಾಯಿಂದ ಉಳಿದು ಬಂದಿರುತ್ತಾರೆ, ಇಲ್ಲಾ ಉಳಿದಿರುವುದಿಲ್ಲ. ಅಂಥವರು ನೋಟು ಮಡಚಿ ಅಂಗೈಯಲ್ಲಿ ಒತ್ತಿ, ಹೆಸರು ಬರೆಯಬೇಡಿ ಎಂದು ತಿರುಗಿ ನೋಡದೆ ನಡೆದುಬಿಡುತ್ತಾರೆ. ಹೆಸರು ಹೇಳಿಕೊಂಡರೆ ಕೊಟ್ಟದ್ದು ಮುಟ್ಟುವುದಿಲ್ಲ ಎಂಬ ನಂಬಿಕೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಟಿಕೆಟ್ಟಿನ ಮೇಲೆ ಯಾರಾದರೂ ಪ್ಯಾಸೆಂಜರಿನ ಹೆಸರು ಬರೆಯುತ್ತಾರೆಯೇ? ಹೆಸರಿನ ಜಾಗದಲ್ಲಿ "ಗುಪ್ತ" ಎಂದು ಬರೆದು, ಕೈ ಚಾಳಿಗೆ ಪಕ್ಕದಲ್ಲಿ ಸ್ಟಾಪಿನ ಹೆಸರು ಗೀಚುತ್ತಿದ್ದೆ. ಜೈನಾಪುರ, ಸಂಜೆ ಟ್ರಿಪ್. ಅರಕೇರಿ, ಮೊದಲ ಬಸ್. ಹೀಗೆ ಪುಸ್ತಕದ ಮೇಲೆ ಪುಸ್ತಕ ತುಂಬಿದವು.

ಅಕ್ಕಾರು ಮಾತ್ರ ಒಂದು ಇಟ್ಟಂಗಿ ಇಡುವ ಮೊದಲೇ ಸಂಘವನ್ನು ಇನ್‌ಕಂ ಟ್ಯಾಕ್ಸ್ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆ ಎಂದು ನೋಂದಾಯಿಸಿದ್ದರು. ಆ ಕೆಲಸ ಮಾಡಿಕೊಟ್ಟವರು ಆಡಿಟರ್ ಶ್ರುತಿ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸಣ್ಣವರು, ನಮ್ಮಿಂದ ಫೀ ಮುಟ್ಟಲಿಲ್ಲ. ಅವರು ನನಗೆ ತಿಳಿಯುವಂತೆ ಹೇಳಿದ್ದು ಇಷ್ಟು. ಸಂಘಕ್ಕೆ ಬಂದ ದಾನ ಈ ಕಟ್ಟಡಕ್ಕೇ ಖರ್ಚಾದರೆ ಅದರ ಮೇಲೆ ತೆರಿಗೆ ಇಲ್ಲ. ಕೊಟ್ಟವರು ತೆರಿಗೆ ಕಟ್ಟುವವರಾಗಿದ್ದರೆ ಅವರಿಗೂ ಒಂದಿಷ್ಟು ರಿಯಾಯಿತಿ. ಆದರೆ ಇಡೀ ಕಟ್ಟಡವನ್ನು ದೊಡ್ಡ ಗುತ್ತಿಗೆದಾರನಿಗೆ ಒಪ್ಪಿಸಿದರೆ ಅವನ ಬಿಲ್ಲಿನ ಮೇಲೆ ಜಿ.ಎಸ್.ಟಿ. ಬೀಳುತ್ತದೆ, ಧರ್ಮದ ಕೆಲಸ ಎಂದು ಅದು ಬಿಡುವುದಿಲ್ಲ. ಅದಕ್ಕೆ ಸಾಮಾನು ನಾವೇ ತಂದು, ಕೂಲಿಯನ್ನು ಮಾತ್ರ ಸಣ್ಣ ಗೌಂಡಿಗೆ ಕೊಡಿ, ಕೂಲಿಯ ಮೇಲಿನ ತೆರಿಗೆಯಾದರೂ ಉಳಿಯುತ್ತದೆ ಅಂದರು. ಹಾಗೆ ನಮಗೆ ಅರಕೇರಿಯ ಯಲ್ಲಪ್ಪ ಗೌಂಡಿ ಸಿಕ್ಕ. ಅವನ ಗೋಡೆಗೆ ದಾರದ ತೂಕದ ಗುಂಡು ಇಳಿಬಿಟ್ಟು ನೋಡುವುದೇ ಬೇಡ, ಅಷ್ಟು ನೆಟ್ಟಗೆ.

ರಿಯಾಯಿತಿ ಎಂಬ ಮಾತು ಕೇಳಿದ್ದೇ ನನಗೆ ಹುರುಪು ಹೆಚ್ಚಿತು. ಬಸ್ಸಿನಲ್ಲಿ ಪಾಸ್ ತೋರಿಸಿದವರಿಗೆ ಟಿಕೆಟ್ ಇಲ್ಲವಲ್ಲ, ಹಾಗೇ ನೋಂದಣಿಯ ಕಾಗದ ತೋರಿಸಿದರೆ ಸಿಮೆಂಟಿಗೂ ತೆರಿಗೆ ಇಲ್ಲ ಎಂದುಕೊಂಡೆ. ಅಂಗಡಿಗೆ ಹೋಗಿ ಆ ಕಾಗದವನ್ನು ಗಲ್ಲಾದ ಮೇಲೆ ಹರವಿ ಒಂದು ತಾಸು ವಾದ ಮಾಡಿದೆ. ಅಂಗಡಿಯವನು ತಾಳ್ಮೆಯಿಂದ ಚಹಾ ತರಿಸಿ ಕುಡಿಸಿ, ನೀವು ಧರ್ಮ ಮಾಡುತ್ತೀರಿ ಎಂದು ನನಗೆ ಗೊತ್ತಾಯಿತು ಸಾಹೇಬರೇ, ಸಿಮೆಂಟಿಗೆ ಗೊತ್ತಾಗಬೇಕಲ್ಲ ಅಂದ. ಎಲ್ಲರ ಹಾಗೆ ನಾವೂ ತೆರಿಗೆ ಸೇರಿಸಿಯೇ ಕೊಟ್ಟು ತಂದೆವು.

ಏಪ್ರಿಲ್ ಬಂತು. ಗೋಡೆಗಳು ಎದ್ದು ನಿಂತಿದ್ದವು, ಸ್ಲ್ಯಾಬ್ ಉಳಿದಿತ್ತು. ಜೂನ್ ಮೊದಲಿಗೆ ಮಿರಗ ಮಳೆ ಕೂಡುವುದರೊಳಗೆ ಸ್ಲ್ಯಾಬ್ ಬಿದ್ದರೆ ಆ ಮಳೆಗಾಲದಲ್ಲೇ ಮಂದಿ ಒಳಗೆ ಮಲಗಬಹುದು, ಇಲ್ಲದಿದ್ದರೆ ಇನ್ನೊಂದು ವರ್ಷ ಮೆಟ್ಟಿಲೇ. ಕಬ್ಬಿಣಕ್ಕೆಂದು ರೊಕ್ಕ ತೆಗೆದಿಟ್ಟಿದ್ದೆವು. ಆಗ ವರ್ಷದ ತಪಾಸಣೆಗೆ ಪಾವತಿ ಪುಸ್ತಕಗಳನ್ನು ತೆರೆದ ಶ್ರುತಿ ಮೇಡಂ ನನಗೆ ಫೋನ್ ಮಾಡಿ ಕರೆಸಿದರು.

"ಕಾಕಾ, ಈ ಜೈನಾಪುರ ಅನ್ನೋರು ಯಾರ್ರಿ? ಭಾಳ ಸಲ ಕೊಟ್ಟಾರಲ್ಲ."

ಅದು ಮನುಷ್ಯರ ಹೆಸರಲ್ಲ, ಸ್ಟಾಪು ಅಂದೆ. ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಹೇಳಿದ್ದನ್ನು ಕೇಳುತ್ತ ಫ್ಯಾನಿನ ಕೆಳಗೂ ನನಗೆ ಬೆವರು ಬಂತು. ಕೊಟ್ಟವರ ಹೆಸರು, ವಿಳಾಸ ನಮ್ಮಲ್ಲಿ ಇಲ್ಲದಿದ್ದರೆ ಕಾಯಿದೆಯ ಲೆಕ್ಕದಲ್ಲಿ ಅದು ಅನಾಮಧೇಯ ದಾನ. ಅಂಥದ್ದು ಅಲ್ಪಸ್ವಲ್ಪ ಇದ್ದರೆ ನಡೆಯುತ್ತದೆ, ಅದಕ್ಕೊಂದು ಮಿತಿ ಇದೆ. ನಾವು ಆ ಮಿತಿಯನ್ನು ಎಷ್ಟೋ ದಾಟಿದ್ದೆವು. ದಾಟಿದ್ದರ ಮೇಲೆ ಮೂರರಲ್ಲಿ ಒಂದು ಪಾಲಿನ ಹತ್ತಿರ ತೆರಿಗೆ. ಕಪ್ಪು ಹಣವನ್ನು ಧರ್ಮದ ಹೆಸರಿನಲ್ಲಿ ಬೆಳ್ಳಗೆ ಮಾಡುವವರನ್ನು ಹಿಡಿಯಲು ಮಾಡಿದ ಕಾಯಿದೆಯಂತೆ. ಅದರ ಬಲೆಗೆ ಬಿದ್ದದ್ದು ನಮ್ಮ ಅಂಗೈಯಲ್ಲಿ ಮಡಚಿದ ನೋಟಿನ ಮಂದಿ. ತೆರಿಗೆ ಕಟ್ಟಬೇಕೆಂದರೆ ಕಬ್ಬಿಣದ ರೊಕ್ಕವೇ ಹೋಗಬೇಕು, ಸ್ಲ್ಯಾಬ್ ಬೀಳುವುದಿಲ್ಲ.

ನನ್ನ ತಲೆ ಎಷ್ಟು ಚುರುಕು ನೋಡಿ. ಇದಕ್ಕೇಕೆ ಚಿಂತೆ, ಮತದಾರರ ಪಟ್ಟಿ ತರುತ್ತೇನೆ, ಎಷ್ಟು ಹೆಸರು ಬೇಕೋ ಅಷ್ಟು ಬರೆದುಕೊಳ್ಳಿ ಅಂದೆ. ಅಲ್ಲಿಯವರೆಗೆ ಸಮಾಧಾನದಿಂದ ಮಾತಾಡುತ್ತಿದ್ದ ಮೇಡಂ ಗಡುಸಾದರು.

"ಅವರು ಹೆಸರ ಹೇಳಿಲ್ಲ, ಆದ್ರ ಖರೇನ ಕೊಟ್ಟಾರ. ನೀವು ಸುಳ್ಳ ಹೆಸರ ಬರದ್ರ ಅವರ ಖರೇನೂ ಸುಳ್ಳಾಗತೈತ್ರಿ ಕಾಕಾ. ಹೋಗಿ ಅವರನ್ನ ಹುಡುಕ್ರಿ. ಎಷ್ಟ ಮಂದಿ ಸಿಗ್ತಾರೋ ಅಷ್ಟ ಸಿಗಲಿ."

ಮೇಡಂ ಒಂದು ಸಣ್ಣ ಕನ್ನಡ ಫಾರಂ ಬರೆದುಕೊಟ್ಟರು. ಇಂಥ ದಿನ ಇಷ್ಟು ಕೊಟ್ಟವರು ನಾವೇ, ನಮ್ಮ ಹೆಸರು ಇದು, ಊರು ಇದು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಅದರ ಕಟ್ಟು ಹಿಡಿದು ನಾನು ಮತ್ತೆ ರೂಟಿಗೆ ಇಳಿದೆ. ಏಪ್ರಿಲ್ಲಿನ ಬಿಸಿಲು, ಜೋಳದ ಹೊಲಗಳೆಲ್ಲ ಬರಿದಾಗಿ ಕರಿ ನೆಲ ಬಿರುಕು ಬಿಟ್ಟಿತ್ತು. ನಾನು ತಮಾಷೆಗೆ ಗೀಚಿದ ಸ್ಟಾಪು, ಟ್ರಿಪ್ಪುಗಳೇ ಆಗ ಕೈ ಹಿಡಿದವು. ಕಂಡಕ್ಟರನಿಗೆ ಹೆಸರು ನೆನಪಿರುವುದಿಲ್ಲ, ಮುಖ ಮರೆಯುವುದಿಲ್ಲ. ಯಾರು ಯಾವ ಸ್ಟಾಪಿನಲ್ಲಿ ಹತ್ತುತ್ತಾರೆ, ಯಾರ ಕೈಯಲ್ಲಿ ಚೀಲ ಇರುತ್ತದೆ, ಯಾರು ಚಿಲ್ಲರೆ ಇಲ್ಲ ಎಂದು ಸುಳ್ಳು ಹೇಳುತ್ತಾರೆ, ಎಲ್ಲ ತಲೆಯಲ್ಲಿತ್ತು.

ಹುಡುಕುವುದು ಸುಲಭವಾಯಿತು, ಒಪ್ಪಿಸುವುದು ಆಗಲಿಲ್ಲ. ಮೊದಲ ವಾರ ಹೋದಲ್ಲೆಲ್ಲ ಇಲ್ಲ ಎಂಬ ಮಾತೇ. ತಿಕೋಟಾದ ದ್ರಾಕ್ಷಿ ತೋಟದ ಗೌಡರೊಬ್ಬರು ಒಣದ್ರಾಕ್ಷಿಯ ಶೆಡ್ಡಿನಲ್ಲಿ ನಿಂತುಕೊಂಡೇ, ಹೆಸರು ಬರೆಯುವುದಿದ್ದರೆ ರೊಕ್ಕ ವಾಪಸ್ ಕೊಡಿ, ಬೇರೆ ಕಡೆ ಹಾಕುತ್ತೇನೆ ಅಂದರು. ಕೈಯಲ್ಲೊಂದು ಮುಷ್ಟಿ ದ್ರಾಕ್ಷಿ ಕೊಟ್ಟು ಕಳಿಸಿಯೂಬಿಟ್ಟರು. ಮರುದಿನ ಗಂಗಾಬಾಯಿ ಅಕ್ಕಾರನ್ನು ಕರೆದುಕೊಂಡು ಹೋದೆ. ಅಕ್ಕಾರು ಕೂತು ನೀರು ಕುಡಿದು, ಹೆಸರು ಎಲ್ಲಿ ಕಾಣಬಾರದು ಎಂದು ನಿಮ್ಮ ಇಚ್ಛೆ ಎಂದು ಕೇಳಿದರು. ನಾಲ್ಕು ಮಂದಿ ನೋಡುವಲ್ಲಿ ಅಂದರು ಗೌಡರು.

"ಹಂಗಾರ ಗ್ವಾಡಿ ಮ್ಯಾಲ ಯಾರ ಹೆಸರೂ ಇರೂದಿಲ್ರಿ. ನಂದೂ ಇಲ್ಲ. ನಿಮ್ಮ ಹೆಸರ ಒಂದ ಕಾಗದದಾಗ, ಕಾಗದ ಕಪಾಟಿನ್ಯಾಗ. ನೋಡಾವ ಸರ್ಕಾರದಾವ ಒಬ್ಬ, ಅವಗ ನಿಮ್ಮ ಗುರ್ತಿಲ್ಲ."

ಗೌಡರು ಫಾರಂ ಕೈಗೆ ತೆಗೆದುಕೊಂಡರು. ಆಮೇಲೆ, ದೇವರಿಗೂ ಸರ್ಕಾರಕ್ಕೂ ಗೊತ್ತಾದರೆ ನಡೆಯುತ್ತದೆ, ಭಾವನಿಗೆ ಗೊತ್ತಾಗದಿದ್ದರೆ ಸಾಕು ಎಂದು ನಗುತ್ತ ಸಹಿ ಮಾಡಿದರು. ಅಲ್ಲಿಂದ ಹೊರಬಂದ ಮೇಲೆ ಅಕ್ಕಾರು ನನ್ನ ಮುಖ ನೋಡಲಿಲ್ಲ. ಅದಕ್ಕೆ ಕಾರಣವಿತ್ತು. ಬಾಗಿಲ ಪಕ್ಕ ನಿಲ್ಲಿಸಲು ನಾನೊಂದು ಕರಿ ಗ್ರಾನೈಟ್ ಕಲ್ಲು ಕೆತ್ತಿಸಿದ್ದೆ. ಸಂಘದವರ ಹೆಸರುಗಳು, ಅಕ್ಕಾರದ್ದು ಮೇಲೆ, ನನ್ನದು ಎರಡನೆಯದು, ಬಂಗಾರದ ಬಣ್ಣ ತುಂಬಿಸಿದ್ದು. ಜೀವಮಾನದಲ್ಲಿ ನನ್ನ ಹೆಸರು ಕಂಡದ್ದು ಡಿಪೋದ ಮೆಮೋಗಳಲ್ಲಿ ಮಾತ್ರ, ಒಮ್ಮೆ ಕಲ್ಲಿನ ಮೇಲೆ ಕಾಣಬೇಕೆಂಬ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಎರಡು ದಿನ ಮನೆಯಲ್ಲಿ ಎಲ್ಲರ ಮೇಲೆ ಸಿಡುಕಿದೆ. ಮೂರನೆಯ ದಿನ ಯಲ್ಲಪ್ಪನಿಗೆ ಹೇಳಿ ಆ ಕಲ್ಲನ್ನು ಅಡಿಗೆಮನೆಯ ಕಟ್ಟೆಗೆ ಬೋರಲು ಹಾಕಿಸಿದೆ. ಈಗ ಅದರ ಮೇಲೆ ಹೆಂಗಸರು ಹಿಟ್ಟು ನಾದುತ್ತಾರೆ. ಕೆಳಗಿನಿಂದ ಬಗ್ಗಿ ನೋಡಿದರೂ ಹೆಸರು ಕಾಣುವುದಿಲ್ಲ, ಸಿಮೆಂಟು ಮೆತ್ತಿದ್ದಾರೆ.

ಗೋಡೆಯ ಮೇಲೆ ಹೆಸರಿಲ್ಲ ಎಂಬ ಸುದ್ದಿ ಬಸ್ಸಿಗಿಂತ ಮುಂದೆ ಓಡಿತು. ಆಮೇಲೆ ಮಂದಿ ಒಪ್ಪತೊಡಗಿದರು. ಒಪ್ಪಿದರು ಎಂದರೆ ಸುಲಭಕ್ಕೆ ಅಲ್ಲ. ಹೆಸರು ಬರೆಸುವವರು ಯಾಕೆ ಕೊಟ್ಟೆ ಎಂಬುದನ್ನೂ ಹೇಳದೆ ಬಿಡುತ್ತಿರಲಿಲ್ಲ. ಅರಕೇರಿಯ ಒಬ್ಬ ಶಾಲಾ ಮಾಸ್ತರು, ಗೋಡೆಯ ಮೇಲೆ ಬುದ್ಧನ ಪಟ ಇದ್ದ ಮನೆ, ತಂಗಿಯ ಹೆರಿಗೆಯ ಕತೆ ಹೇಳಿ, ಸಹಿ ಮಾಡುವ ಮೊದಲು ಕೈ ತೊಳೆದು ಬಂದರು. ಬಬಲೇಶ್ವರದ ಬಳೆ ಅಂಗಡಿಯಾಕೆ ತನಗೆ ಸಹಿ ಬರುತ್ತದೆ ಎಂದು ಎರಡು ಸಲ ಮಾಡಿ ತೋರಿಸಿದಳು. ತಾವು ಗಳಿಸಿದ ಪುಣ್ಯ ಕೈ ಬಿಡುತ್ತದೆ ಎಂದು ಮನಸಾರೆ ನಂಬಿದವರು, ಗುರುತಿಲ್ಲದವರ ತಲೆಯ ಮೇಲೆ ಸೂರು ಬರಲಿ ಎಂದು ಅದನ್ನೂ ಬಿಟ್ಟುಕೊಟ್ಟರು. ನನ್ನ ರೂಟಿನ ಈ ಮಂದಿಯ ಋಣ ನನ್ನ ಮೇಲೆ ದೊಡ್ಡದು. ಇವರಿಗೆ ಎಷ್ಟು ಸಲ ಒಳಗೆ ಸರಿಯಿರಿ ಎಂದು ಗದರಿದ್ದೇನೋ.

ನಾನು ಅಷ್ಟಕ್ಕೇ ನಿಲ್ಲಬೇಕಿತ್ತು. ಎಷ್ಟು ಸಿಗುತ್ತಾರೋ ಅಷ್ಟು ಸಿಗಲಿ ಎಂದು ಮೇಡಂ ಹೇಳಿದ್ದರು. ಆದರೆ ನನ್ನ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಒಬ್ಬರೂ ಇಳಿದದ್ದಿಲ್ಲ, ಆ ಗರ್ವ ಒಂದು ನನಗೆ. ಕೊನೆಗೆ ಉಳಿದ ನಾಲ್ಕೈದು ಪಾವತಿಗಳಲ್ಲಿ ದೊಡ್ಡದು ಜೈನಾಪುರದ್ದು, ಸಂಜೆ ಟ್ರಿಪ್ಪಿನದು. ಕೊಟ್ಟವಳ ಮುಖ ನನಗೆ ನೆನಪಿತ್ತು. ಐವತ್ತು ದಾಟಿದ ಹೆಣ್ಣುಮಗಳು, ಹಣೆ ಬೋಳು, ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಿದ್ದಳು. ಊರೊಳಗೆ ಕೇಳುತ್ತ ಹೋದೆ. ಆಡು ಕಾಯುವವಳು, ಊರ ಹೊರಗೆ ತಗಡಿನ ಮನೆ. ನಾನು ವಿಷಯ ತೆಗೆಯುತ್ತಲೇ, ನಾನು ಕೊಟ್ಟೇ ಇಲ್ಲ ಅಂದಳು. ನಿನ್ನನ್ನು ನೋಡಿದ್ದೇನೆ ಅಂದೆ. ನೀವು ಬೇರೆ ಯಾರನ್ನೋ ನೋಡಿರಬೇಕು ಎಂದು ಆಡುಗಳ ಹಿಂದೆ ನಡೆದಳು. ನನಗೆ ಹಠ ಬಂತು. ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ, ಇದು ಇನ್‌ಕಂ ಟ್ಯಾಕ್ಸಿನ ಕೆಲಸ, ಎಲ್ಲರೂ ಕೊಟ್ಟಿದ್ದಾರೆ, ನೀನೂ ಹೆಸರು ಕೊಡಲೇಬೇಕು ಎಂದು ಹಳೆಯ ಕಂಡಕ್ಟರನ ದನಿಯಲ್ಲಿ ಹೇಳಿದೆ. ಫಾರಂ ನೋಡಿದ ಆಕೆಯ ಕಣ್ಣುಗಳಲ್ಲಿ ಇದ್ದದ್ದು ಹೆದರಿಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡು ದಿನಕ್ಕೆ ಆಕೆ ವಿಜಯಪುರಕ್ಕೇ ಬಂದಳು. ಯಲ್ಲಪ್ಪ ಸ್ಲ್ಯಾಬಿಗೆ ಸೆಂಟ್ರಿಂಗ್ ಹಲಗೆ ಕಟ್ಟುತ್ತಿದ್ದ, ಗಂಗಾಬಾಯಿ ಅಕ್ಕಾರು, ಶ್ರುತಿ ಮೇಡಂ, ನಾನು ಅಲ್ಲೇ ಗಿಡದ ಕೆಳಗೆ ಕಾಗದ ಹರವಿಕೊಂಡು ಕೂತಿದ್ದೆವು. ಬಂದವಳೇ ನನ್ನ ಮುಂದೆ ನೆಲಕ್ಕೆ ಕೂತಳು.

"ನನ್ನ ಹೆಸರ ಟ್ಯಾಕ್ಸಿನ ಬುಕ್ಕಿನಾಗ ಹೋದ್ರ ರೇಶನ್ ಕಾರ್ಡ್ ತಗೀತಾರ್ರಿ ಯಪ್ಪಾ. ಗಂಡ ಹ್ವಾದ ಮ್ಯಾಲ ಬರೂ ಪಗಾರನೂ ಬಂದ್ ಮಾಡ್ತಾರ. ಆ ರೊಕ್ಕ ನನ್ನದಲ್ಲಂತ ಬರಕೋರಿ. ನಿಮ್ಮ ಕಾಲ ಬೀಳ್ತೇನಿ."

ದಾನ ಕೊಟ್ಟರೆ ಕಾರ್ಡು ಹೋಗುವುದಿಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಆಕೆಗೆ ಧೈರ್ಯ ಬರಲಿಲ್ಲ. ಯಾರೋ ಊರಲ್ಲಿ ಆಕೆಗೆ ಹಾಗೆ ಹೇಳಿದ್ದರು. ತಿಂಗಳ ಅಕ್ಕಿಯೂ ವಿಧವಾ ವೇತನವೂ ಬಿಟ್ಟರೆ ಆಕೆಗೆ ಬೇರೆ ಆಧಾರ ಇರಲಿಲ್ಲ, ಅವೆರಡನ್ನೂ ನಾನು ಕಿತ್ತುಕೊಳ್ಳಲು ಬಂದಿದ್ದೇನೆ ಎಂದೇ ಆಕೆ ತಿಳಿದಿದ್ದಳು. ಎರಡು ಆಡು ಮಾರಿದ ರೊಕ್ಕ ಅದು ಎಂದೂ ಆಕೆಯ ಬಾಯಿಂದ ಬಂತು. ಇಷ್ಟು ಕಷ್ಟದವಳು ಆಡು ಮಾರಿ ಯಾಕೆ ಕೊಟ್ಟೆ ತಾಯಿ ಎಂದು ಅಕ್ಕಾರು ಕೇಳಿದರು. ಸೆಂಟ್ರಿಂಗಿನ ಕಡೆ ನೋಡುತ್ತ ಆಕೆ ಹೇಳಿದಳು.

"ಇಲ್ಲೇ ದವಾಖಾನಿ ಕಂಪೌಂಡ್ ಹಿಂದ ಒಲಿಗೆ ಮೂರ ಕಲ್ಲ ಇಟ್ಟಿದ್ನಿರಿ. ನಮ್ಮ ಮನಿಯವರು ಬಿಸಿ ಅಂಬಲಿ ಕೇಳಿದ್ರು. ಮಳ್ಯಾಗ ಒಲಿ ಹತ್ತಲಿಲ್ಲ. ತಣ್ಣಂದ ಕುಡದು ಮಲಗಿದ್ರು, ಮತ್ತ ಏಳಲಿಲ್ಲ."

ಯಲ್ಲಪ್ಪನ ಸುತ್ತಿಗೆಯೂ ನಿಂತಿತ್ತು. ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಫಾರಂ ಮಡಚಿ ಕಿಸೆಗೆ ಇಟ್ಟುಕೊಂಡೆ. ತೆರಿಗೆ ಬಂದರೆ ಬರಲಿ, ಆಕೆಯ ಪಾಲಿನದನ್ನು ನನ್ನ ಪೆನ್ಶನ್ನಿನಲ್ಲಿ ಕಟ್ಟುತ್ತೇನೆ ಎಂದು ಮೇಡಂಗೆ ಹೇಳಿದೆ. ಅವರು ಕಾಗದಗಳನ್ನು ಮತ್ತೊಮ್ಮೆ ನೋಡಿದರು. ಹೆಸರು ಸಿಕ್ಕವರದ್ದು ಒಂದು ಕಡೆ, ಸಿಗದವರದ್ದು ಒಂದು ಕಡೆ. ಕಾಯಿದೆ ಬಿಟ್ಟುಕೊಡುವ ಮಿತಿಯನ್ನು ನಾನು ಮರೆತೇಬಿಟ್ಟಿದ್ದೆ. ಮೇಡಂ ಮರೆತಿರಲಿಲ್ಲ. ಉಳಿದ ಆ ನಾಲ್ಕೈದು ಪಾವತಿ, ಆಕೆಯದೂ ಸೇರಿ, ಅದರೊಳಗೇ ಇದ್ದವು. ಕಟ್ಟುವುದು ಏನೂ ಇರಲಿಲ್ಲ. ಕಬ್ಬಿಣ ಅದೇ ವಾರ ತರಿಸಬಹುದು ಅಂದರು.

ಇದನ್ನು ನೆಲಕ್ಕೆ ಕೂತವಳಿಗೆ ತಿಳಿಸಿ ಹೇಳುವುದು ನನ್ನ ಪಾಲಿಗೆ ಬಂತು. ನಿನ್ನ ಹೆಸರು ಯಾವ ಪುಸ್ತಕಕ್ಕೂ ಹೋಗುವುದಿಲ್ಲ, ರೊಕ್ಕ ಇಲ್ಲೇ ಇರುತ್ತದೆ ಅಂದೆ. ಆಕೆ ನಂಬಲಿಲ್ಲ. ಎಲ್ಲರೂ ಹೆಸರು ಕೊಟ್ಟಿದ್ದಾರೆ ಎಂದು ನೀವೇ ಹೇಳಿದಿರಲ್ಲ, ನನ್ನದು ಮಾತ್ರ ಯಾಕೆ ಬೇಡ ಎಂದು ಕೇಳಿದಳು.

"ಅವರೆಲ್ಲ ಕೊಟ್ಟದ್ದಕ್ಕ ನಿಂದು ಬ್ಯಾಡಾತು ಯವ್ವಾ" ಅಂದೆ. "ಅವರು ಒಂದೀಟ ಸರದ ಕುಂತಾರ, ನಿನಗ ಜಾಗ ಆಗೈತಿ."

ಆಕೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು, ಆ ಮಂದಿಗೆ ಶರಣು ಹೇಳಿ ಎಂದು ಬಬಲೇಶ್ವರದ ಬಸ್ಸಿಗೆ ಹೋದಳು. ತಿಕೋಟಾದ ಗೌಡರಿಗೆ, ಅರಕೇರಿಯ ಮಾಸ್ತರಿಗೆ, ಬಳೆ ಅಂಗಡಿಯಾಕೆಗೆ ಆ ಶರಣು ಮುಟ್ಟಿಸಿದೆ. ಯಾರು ಕಳಿಸಿದ್ದು ಎಂದು ಅವರು ಕೇಳಿದರು. ಗುಪ್ತ ಅಂದೆ. 

ಸ್ಲ್ಯಾಬ್ ಬಿದ್ದ ದಿನ ಗೋಧಿ ಹುಗ್ಗಿ ಮಾಡಿಸಿದ್ದೆವು. ಮಿರಗ ಕೂಡಲು ಎಂಟು ದಿನ ಇತ್ತು. ಯಲ್ಲಪ್ಪ ಆ ದಿನದ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಇದನ್ನೂ ಗುಪ್ತ ಎಂದು ಬರೆದೀರಿ ಮತ್ತೆ, ನನ್ನ ಹೆಸರು ನೆಟ್ಟಗೆ ಬರೆಯಿರಿ ಎಂದು ಎಲ್ಲರೆದುರು ನನ್ನ ಮಾನ ಕಳೆದ. ಆ ವರ್ಷ ಮಳೆ ಜೋರಾಗಿಯೇ ಬಂತು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಬಂದ ಮೊದಲ ಮಳೆಯ ಸಂಜೆ ಅಡಿಗೆಮನೆಯಲ್ಲಿ ಏಳು ಒಲೆ ಉರಿಯುತ್ತಿದ್ದವು. ಗಂಗಾಬಾಯಿ ಅಕ್ಕಾರು ಬಾಗಿಲಲ್ಲಿ ನಿಂತು ಒಂದೊಂದಾಗಿ ಎಣಿಸಿ, ಮನೆಗೆ ಹೋದರು.

ಈಗ ಇದನ್ನೆಲ್ಲ ಬರೆದು ಓದಿ ನೋಡಿದಾಗ ಒಂದು ಮಾತು ಹೇಳಿಬಿಡಬೇಕು ಅನ್ನಿಸುತ್ತದೆ. ಇದನ್ನು ಓದಿದವರು ಜೈನಾಪುರಕ್ಕೆ ಹೋಗಿ ಆಡು ಕಾಯುವವಳ ತಗಡಿನ ಮನೆ ಯಾವುದು ಎಂದು ಕೇಳಿದರೆ ಸಿಗುವುದಿಲ್ಲ. ಆಕೆಯ ಊರು ಅದಲ್ಲ, ಆಕೆ ಮಾರಿದ್ದು ಆಡೂ ಅಲ್ಲ. ಅಷ್ಟನ್ನು ನಾನು ಬದಲಿಸಿ ಬರೆದಿದ್ದೇನೆ, ಉಳಿದದ್ದು ಖರೆ. ಮತದಾರರ ಪಟ್ಟಿ ತರುತ್ತೇನೆ ಎಂದು ಬೈಸಿಕೊಂಡವನು ಸುಳ್ಳು ಬರೆದದ್ದು ಇದೊಂದೇ ಸಲ.